ಶುಕ್ರವಾರ ಸದ್ದಾದರೆ ಅದು ನಮ್ಮದಲ್ಲ

ನಿಮ್ಮಲ್ಲಿ ಎಷ್ಟು ಜನ ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದೀರಿ? ಒಮ್ಮೆ ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ವಿಜಯಪುರದ ಹುಡುಗರು ಹೊರದೇಶದ ಮಾತು ಬಂದಾಗ ನನ್ನ ಹತ್ತಿರ ಬರುತ್ತಾರೆ. ಕೇಳುವುದು ಎರಡೇ ಮಾತು. ಪಗಾರ ಎಷ್ಟು? ಊಟ, ರೂಮು ಕಂಪನಿಯದೇನಾ? ಜೀವಕ್ಕೆ ಅಪಾಯ ಇದೆಯಾ ಅಂತ ಅವರ ಅವ್ವಂದಿರು ಕೇಳುತ್ತಾರೆ. ಆದರೆ ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಸೂಟಿ ದಿನ ಅಲ್ಲಿ ಹೇಗೆ ಕಳೆಯುತ್ತದೆ? ಇವತ್ತು ನಾನು ಮಾತಾಡುವುದು ಅದೊಂದರ ಬಗ್ಗೆ.

ನಾನು ಎಲೆಕ್ಟ್ರಿಷಿಯನ್. ಕೇಬಲ್ ಎಳೆಯುವುದು, ಪ್ಯಾನಲ್ ಜೋಡಿಸುವುದು ನನ್ನ ಕೆಲಸ. ಆಲಮಟ್ಟಿಯಲ್ಲಿ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸ ಮಾಡುತ್ತಾ ಕೈ ಪಳಗಿತು. 2013ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಹೋದೆ. 2016ರ ಮಾರ್ಚ್‌ವರೆಗೆ ಅಲ್ಲಿದ್ದೆ. ಹೆರಾತ್ ಶಹರದಿಂದ ಪೂರ್ವಕ್ಕೆ ಸುಮಾರು 165 ಕಿಲೋಮೀಟರ್ ದೂರದಲ್ಲಿ ಚಿಷ್ತ್-ಎ-ಶರೀಫ್ ಅಂತ ಒಂದು ಸೀಮೆ. ಅಲ್ಲಿ ಹರಿ ರೂದ್ ನದಿಗೆ ನಮ್ಮ ಭಾರತ ಸರ್ಕಾರ ಒಂದು ಅಣೆಕಟ್ಟು ಕಟ್ಟಿಸಿಕೊಟ್ಟಿತು. ಸಲ್ಮಾ ಅಣೆಕಟ್ಟು. 1976ರಲ್ಲೇ ಶುರುವಾಗಿ, ಯುದ್ಧದಿಂದಾಗಿ ನಿಂತುಹೋದ ಕೆಲಸ ಅದು.

ಆಲಮಟ್ಟಿ ನೋಡಿದವರಿಗೆ ಅಂದಾಜು ಸಿಗಲಿ ಅಂತ ಹೇಳುತ್ತೇನೆ. ಸಲ್ಮಾದಲ್ಲಿ ನೀರು ನಿಲ್ಲುವುದು 64 ಕೋಟಿ ಘನ ಮೀಟರ್. ನಮ್ಮ ಲೆಕ್ಕದಲ್ಲಿ 22.6 ಟಿಎಂಸಿ. ಆಲಮಟ್ಟಿಯದು 123 ಟಿಎಂಸಿ. ಅಂದರೆ ಐದನೇ ಒಂದು ಪಾಲೂ ಇಲ್ಲ. ಕರೆಂಟು 14 ಮೆಗಾವಾಟಿನ ಮೂರು ಘಟಕ ಸೇರಿ 42. ಆಲಮಟ್ಟಿಯಲ್ಲಿ 290. ಸಣ್ಣದು ಅನಿಸುತ್ತದೆ ಅಲ್ವಾ? ಆದರೆ ಅಲ್ಲಿಗೆ ಒಂದು ಕೇಬಲ್ ಡ್ರಮ್ ಬರಬೇಕಾದರೆ, ನಮ್ಮ ದೇಶದಿಂದ ಹಡಗಿನಲ್ಲಿ ಇರಾನಿನ ಬಂದರ್ ಅಬ್ಬಾಸ್‌ಗೆ ಹೋಗಬೇಕು. ಅಲ್ಲಿಂದ 1,200 ಕಿಲೋಮೀಟರ್ ಲಾರಿಯಲ್ಲಿ ಗಡಿಯ ಇಸ್ಲಾಂ ಖಲಾಕ್ಕೆ. ಅಲ್ಲಿಂದ ಮತ್ತೆ 300 ಕಿಲೋಮೀಟರ್. ಮನುಷ್ಯರು ಹೋಗುವುದು ಹೆಲಿಕಾಪ್ಟರಿನಲ್ಲಿ. ರಸ್ತೆ ಇತ್ತು. ನಮಗೆ ಆ ರಸ್ತೆ ಇರಲಿಲ್ಲ.

ಹೋದ ಮೊದಲ ವಾರ ನನಗೆ ಭಯವೇ ಆಗಲಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಸದ್ದೋ ಸದ್ದು. ಒಂದು ಕಡೆ ಕ್ರಷರ್, ಇನ್ನೊಂದು ಕಡೆ ಡಂಪರ್, ಜನರೇಟರ್. ಮಧ್ಯಾಹ್ನ ಊಟದ ಹೊತ್ತಿಗೆ ಕಲ್ಲಿನ ಕ್ವಾರಿಯಲ್ಲಿ ಬ್ಲಾಸ್ಟಿಂಗ್. ಅದಕ್ಕೆ ಮೊದಲು ಸೈರನ್ ಊದುತ್ತಾರೆ. ಆಮೇಲೆ ನೆಲ ನಡುಗುತ್ತದೆ, ತಟ್ಟೆಯಲ್ಲಿದ್ದ ಚಮಚ ಅಲುಗುತ್ತದೆ. ನಾವು ತಲೆ ಎತ್ತದೆ ಊಟ ಮಾಡುತ್ತಿದ್ದೆವು.

ಶುಕ್ರವಾರ ಅಲ್ಲಿ ವಾರದ ಸೂಟಿ. ಕ್ರಷರ್ ಬಂದ್, ಡಂಪರ್ ಬಂದ್. ನನ್ನ ಮೊದಲ ಶುಕ್ರವಾರ ಬೆಳಗ್ಗೆ ಐದಕ್ಕೇ ಎಚ್ಚರವಾಯಿತು. ಯಾಕೆ ಎಚ್ಚರವಾಯಿತು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸದ್ದು ಇರಲಿಲ್ಲ, ಅದಕ್ಕೇ ಎಚ್ಚರವಾಗಿತ್ತು. ನದಿ ಕೇಳಿಸುತ್ತಿತ್ತು. ಆರು ದಿನ ಅದರ ಪಕ್ಕದಲ್ಲೇ ಕೆಲಸ ಮಾಡಿದ್ದೆ, ಒಮ್ಮೆಯೂ ಕೇಳಿರಲಿಲ್ಲ. ದೂರದಲ್ಲೆಲ್ಲೋ ನಾಯಿ, ಯಾರದೋ ಕುರಿ ಹಿಂಡಿನ ಗಂಟೆ. ಎಷ್ಟು ಚಂದ ಅಂದುಕೊಂಡು ಹೊರಗೆ ಬಂದು ಕೂತೆ. ಹತ್ತು ನಿಮಿಷ ಆಗಿರಬಹುದು. ಗುಡ್ಡದ ಆಚೆಯಿಂದ ಒಂದು ಸದ್ದು ಬಂತು. ಢಬ್ ಅಂತ, ಒಂದೇ ಸಲ. ಗೋಣಿಚೀಲ ಮಹಡಿಯಿಂದ ಕೆಳಗೆ ಬಿದ್ದ ಹಾಗೆ.

ನನ್ನ ಪಕ್ಕದ ಕಂಟೇನರಿನಲ್ಲಿ ಜಮಖಂಡಿ ಕಡೆಯ ಒಬ್ಬ ವೆಲ್ಡರ್ ಅಣ್ಣ ಇದ್ದರು. ನನಗಿಂತ ಎರಡು ವರ್ಷ ಮೊದಲು ಬಂದವರು. ಅವರು ಬಾಗಿಲಲ್ಲಿ ನಿಂತು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ತಮ್ಮಾ, ಒಳಗ ಬಾ. ಕೆಲಸದ ದಿನ ಸಪ್ಪಳಾದ್ರ ಅದು ನಮ್ದು. ಶುಕ್ರವಾರ ಸಪ್ಪಳಾತಂದ್ರ ಅದು ನಮ್ದಲ್ಲ."

ಅವತ್ತು ನನಗೆ ಭಯ ಅಂದರೆ ಏನು ಅಂತ ತಿಳಿಯಿತು. ಅಪಾಯ ವಾರದ ಏಳೂ ದಿನ ಅಷ್ಟೇ ಇರುತ್ತದೆ. ಕೆಲಸದ ದಿನ ಕೈ ತುಂಬಿರುತ್ತದೆ, ಕಿವಿಯೂ ತುಂಬಿರುತ್ತದೆ. ಸೂಟಿ ದಿನ ಎರಡೂ ಖಾಲಿ. ಖಾಲಿ ಕಿವಿಗೆ ಎಲ್ಲ ಕೇಳಿಸುತ್ತದೆ. ಹೆಲಿಕಾಪ್ಟರಿನ ಸದ್ದು ಬಂದರೆ ನಮ್ಮದಾ, ಬೇರೆಯವರದಾ ಅಂತ ಲೆಕ್ಕ ಹಾಕುತ್ತೀರಿ. ಜನರೇಟರ್ ಒಂದು ಕ್ಷಣ ನಿಂತರೆ ಎದೆ ಧಸಕ್ಕನ್ನುತ್ತದೆ. ಹೊಸದಾಗಿ ಬಂದ ಹುಡುಗರಲ್ಲಿ ವಾಪಸ್ ಹೋಗುತ್ತೇನೆ ಅಂದವರೆಲ್ಲ ಶನಿವಾರ ಬೆಳಗ್ಗೆ ಅಂದವರು. ಬುಧವಾರ ಅಂದವರನ್ನು ನಾನು ನೋಡಲಿಲ್ಲ. ಇಪ್ಪತ್ತು ವರ್ಷದ ಹುಡುಗರು. ಅವರನ್ನು ಹೇಡಿಗಳು ಅಂತ ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ವೆಲ್ಡರ್ ಅಣ್ಣ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ಶುಕ್ರವಾರ ಅವರು ರೊಟ್ಟಿ ಮಾಡುತ್ತಿದ್ದರು. ಜೋಳದ ರೊಟ್ಟಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಕೂತಿರುವ ತಾಯಂದಿರಿಗೆ ಇದು ದೊಡ್ಡ ಕೆಲಸ ಅನಿಸಲಿಕ್ಕಿಲ್ಲ. ನಮಗೆ ಅಲ್ಲಿ ಅದು ಇಡೀ ದಿನದ ಕೆಲಸ. ಕ್ಯಾಂಪಿನ ಮೆಸ್ಸಿನಲ್ಲಿ ಅನ್ನ, ಬೇಳೆ, ಚಪಾತಿ ಕೊಡುತ್ತಿದ್ದರು. ಹೊರಗಿಂದ ಅವರ ನಾನ್ ಬರುತ್ತಿತ್ತು, ಮೊಳದುದ್ದ, ಬಹಳ ರುಚಿ. ಆದರೆ ಜೋಳದ ಹಿಟ್ಟು ಎಲ್ಲಿಂದ ಬರಬೇಕು? ಊರಿಗೆ ಹೋದವರು ಬರುವಾಗ ತರಬೇಕು. ವಿಮಾನದಲ್ಲಿ ತೂಕದ ಲೆಕ್ಕ, ಹೆಲಿಕಾಪ್ಟರಿನಲ್ಲಿ ಇನ್ನೂ ಬಿಗಿ ಲೆಕ್ಕ. ಐದು ಕಿಲೋ ತಂದರೆ ಹಬ್ಬ. ಹಾಗಾಗಿ ಹಿಟ್ಟು ಶುಕ್ರವಾರಕ್ಕೆ ಮಾತ್ರ ಮೀಸಲು. ವಾರಕ್ಕೆ ತಲೆಗೆ ಒಂದೂವರೆ ರೊಟ್ಟಿ.

ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಬಡಿಯುವಾಗ ಅಂಚು ಒಡೆಯುತ್ತದೆ, ಎತ್ತುವಾಗ ನಡುವೆ ಹರಿಯುತ್ತದೆ. ಎರಡು ತಿಂಗಳ ಹಿಟ್ಟಿನಲ್ಲಿ ರೊಟ್ಟಿ ಮಾಡುವುದು ಸುಮ್ನೆ ಮಾತಲ್ಲ. ಅಣ್ಣ ಎಸರು ಚೆನ್ನಾಗಿ ಕುದಿಯುವವರೆಗೆ ಕಾಯುತ್ತಿದ್ದರು. ಸ್ವಲ್ಪ ಹಿಟ್ಟು ಎಸರಿಗೇ ಹಾಕಿ ಕುದಿಸಿ, ಅಂಬಲಿ ಹಾಗೆ ಆದ ಮೇಲೆ ಉಳಿದ ಹಿಟ್ಟಿಗೆ ಸುರಿದು ನಾದುತ್ತಿದ್ದರು. ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಹಂಚು ಅವರೇ ಮಾಡಿಕೊಂಡದ್ದು. ಉಳಿದ ಕಬ್ಬಿಣದ ಪ್ಲೇಟನ್ನು ಗುಂಡಗೆ ಕತ್ತರಿಸಿ, ಅಂಚನ್ನು ಗ್ರೈಂಡರಿನಲ್ಲಿ ಉಜ್ಜಿ ನುಣುಪು ಮಾಡಿದ್ದರು. ಪರಾತ ಹೆರಾತಿನಿಂದ ಯಾರೋ ತಂದುಕೊಟ್ಟದ್ದು. ನಾನು ಅವರಿಂದಲೇ ಕಲಿತೆ. ಮನೆಯಲ್ಲಿದ್ದಾಗ ನಾನು ಒಲೆ ಮುಂದೆ ಕೂತವನಲ್ಲ. ಅವ್ವನ ಕೈ ಹೇಗೆ ತಿರುಗುತ್ತಿತ್ತು ಅಂತ ಅಲ್ಲಿ ಕೂತು ನೆನಪು ಮಾಡಿಕೊಂಡೆ. ರೊಟ್ಟಿ ಬಡಿಯುವಾಗ ಎರಡು ಕೈಯೂ ಒಂದೇ ಕೆಲಸ ಮಾಡುವುದಿಲ್ಲ. ಒಂದು ಬಡಿಯುತ್ತದೆ, ಇನ್ನೊಂದು ಅಂಚು ಕಾಯುತ್ತದೆ. ಕೈ ಬಡಿಯುತ್ತಾ ಹೋದ ಹಾಗೆ ರೊಟ್ಟಿ ತಾನೇ ತಿರುಗುತ್ತದೆ. ಅದು ತಿರುಗಲು ಶುರುವಾದ ದಿನ ನನಗೆ ಆದ ಸಂತೋಷ ಮೊದಲ ಪಗಾರ ಬಂದಾಗಲೂ ಆಗಿರಲಿಲ್ಲ.

ಆ ಮೊದಲ ದಿನಗಳಲ್ಲಿ ನಡೆದದ್ದು ಹೇಳುತ್ತೇನೆ. ನಾವು ಇದ್ದದ್ದು ಕಂಟೇನರಿನಲ್ಲಿ. ಅದರ ತಳ ಪೊಳ್ಳು. ಪರಾತವನ್ನು ನೆಲದ ಮೇಲಿಟ್ಟು ರೊಟ್ಟಿ ಬಡಿದರೆ ಕೆಳಗೆ ಡೊಳ್ಳು ಬಡಿದ ಹಾಗೆ ಕೇಳಿಸುತ್ತದೆ. ಬೇರೆ ದಿನವಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ಶುಕ್ರವಾರ. ಎತ್ತರದ ಕಾವಲು ಗೋಪುರದಲ್ಲಿದ್ದವರಿಗೆ ಕೇಳಿಸಿತು. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿ ನೋಡಿದರೆ ಒಬ್ಬ ಹಿರಿಯರು, ಬಿಳಿ ಗಡ್ಡ, ಕೈಯಲ್ಲಿ ಕಲಾಶ್ನಿಕೋವ್. ಅವರಿಗೂ ಗೊತ್ತಿತ್ತು, ಶುಕ್ರವಾರ ಸದ್ದಾದರೆ ಅದು ನಮ್ಮದಲ್ಲ ಅಂತ. ಅದಕ್ಕೇ ಇಳಿದು ಬಂದಿದ್ದರು.

ನನ್ನ ಕೈ ಹಿಟ್ಟಿನಲ್ಲಿತ್ತು. ಅವರು ಪರಾತ ನೋಡಿದರು, ಹಂಚು ನೋಡಿದರು, ನನ್ನ ಮುಖ ನೋಡಿದರು. ಬಂದೂಕನ್ನು ಹೆಗಲಿಗೆ ಹಾಕಿಕೊಂಡರು. ವೆಲ್ಡರ್ ಅಣ್ಣ ಒಂದು ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟರು. ತಿಂದರು. ಇದು ಯಾವುದರದು ಅಂತ ಸನ್ನೆ ಮಾಡಿ ಕೇಳಿದರು. ನಾನು ಹಿಂದಿಯಲ್ಲಿ "ಜವಾರ್" ಅಂದೆ. ಅವರ ಮುಖ ಅರಳಿತು. "ಜವಾರೀ!" ಅಂದರು. ಅವರ ದರಿ ಭಾಷೆಯಲ್ಲಿ ಜವಾರಿ ಅಂದರೆ ಗೋವಿನಜೋಳ. ನಮ್ಮ ಕಡೆ ಜವಾರಿ ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಜವಾರಿ ಆಕಳು, ಜವಾರಿ ಕೋಳಿ, ಜವಾರಿ ಮೆಣಸಿನಕಾಯಿ.

ನಾನು ಅವರನ್ನು ಕಾಕಾ ಅಂತ ಕರೆಯಲು ಶುರುಮಾಡಿದ್ದು ಅವತ್ತೇ. ನನಗೆ ಅದು ನಮ್ಮ ಮನೆ ಮಾತು, ಅಪ್ಪನ ತಮ್ಮನನ್ನು ಕರೆಯುವ ಹಾಗೆ ಕರೆದೆ. ಅವರು ಸರಿಯಾಗಿ ಓಗೊಟ್ಟರು. ಆಮೇಲೆ ಗೊತ್ತಾಯಿತು, ಅವರಲ್ಲೂ ಅಪ್ಪನ ಅಣ್ಣತಮ್ಮಂದಿರಿಗೆ ಕಾಕಾ ಅಂತಲೇ ಹೇಳುತ್ತಾರೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಾವು ವಿಜಯಪುರದವರು. ಆದಿಲ್‌ಶಾಹಿಗಳು ಇನ್ನೂರು ವರ್ಷ ಆಳಿದ ಊರು. ಫಾರಸಿ ಇಲ್ಲಿ ದರ್ಬಾರಿನ ಭಾಷೆಯಾಗಿತ್ತು. ದರಿ ಅಂದರೆ ಅದೇ ಫಾರಸಿ, ಅವರ ಉಚ್ಚಾರದಲ್ಲಿ. ಶುಕ್ರವಾರ ಮಧ್ಯಾಹ್ನ ಕಾಕಾ ಮತ್ತು ನಾನು ಚಹಾ ಕುಡಿಯುತ್ತಾ ಮಾತುಗಳನ್ನು ಹೆಕ್ಕುತ್ತಿದ್ದೆವು. ನಾನೊಂದು ವಸ್ತು ತೋರಿಸುವುದು, ಅವರು ಹೆಸರು ಹೇಳುವುದು. ದರ್ವಾಜಾ, ಕಾಗದ, ಶಹರ, ಬಜಾರ, ಜಮೀನು, ಹವಾ, ತಯಾರ. ಪ್ರತಿ ಸಲ ನಾನು "ನಮ್ದೂ ಅದೇ" ಅನ್ನುತ್ತಿದ್ದೆ. ಅವರು ತೊಡೆ ತಟ್ಟಿ ನಗುತ್ತಿದ್ದರು. ಅಣೆಕಟ್ಟಿಗೆ ಅವರು "ಬಂದ್" ಅನ್ನುತ್ತಾರೆ. ಬಂದ್-ಎ-ಸಲ್ಮಾ. ನಮ್ಮ ಕಡೆ ನದಿಗೆ ಅಡ್ಡ ಕಟ್ಟಿದ್ದಕ್ಕೆ ಬಾಂದಾರ ಅನ್ನುವುದಿಲ್ಲವೇ?

ಒಂದು ದಿನ ಅವರು ಕಾರೇಜ್ ಬಗ್ಗೆ ಹೇಳಿದರು. ಗುಡ್ಡದ ಬುಡದ ಅಂತರ್ಜಲಕ್ಕೆ ನೆಲದೊಳಗೇ ಸುರಂಗ ತೋಡುತ್ತಾರೆ. ಸ್ವಲ್ಪ ಸ್ವಲ್ಪ ಇಳಿಜಾರು ಕೊಟ್ಟು ಹೊಲದವರೆಗೆ ನೀರು ತರುತ್ತಾರೆ. ನಡುನಡುವೆ ಬಾವಿಯಂಥ ಕಂಡಿ, ಗಾಳಿಗೆ ಮತ್ತು ಹೂಳು ತೆಗೆಯುವುದಕ್ಕೆ. ಎತ್ತುವುದು ಬೇಡ, ಪಂಪು ಬೇಡ. ಅವರ ಅಪ್ಪ ಆ ಸುರಂಗದಲ್ಲಿ ಇಳಿದು ಹೂಳು ತೆಗೆಯುತ್ತಿದ್ದರಂತೆ. ನಾನು ಕೇಳುತ್ತಾ ಕೇಳುತ್ತಾ ಎದ್ದು ಕೂತೆ. ಇದು ನಮ್ಮ ತೊರವಿಯ ಸುರಂಗ ಬಾವಿ! ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನೆಲದೊಳಗೇ ನೀರು ಈ ಊರಿಗೆ ಬರುತ್ತಿತ್ತು. ನಾವು ಹುಡುಗರಾಗಿದ್ದಾಗ ಅಲ್ಲಿ ಕಲ್ಲು ಎಸೆದು ಸದ್ದು ಕೇಳಿ ಓಡಿ ಬರುತ್ತಿದ್ದೆವು. ಅದು ಏನು ಅಂತ ನನಗೆ ತಿಳಿದದ್ದು ಅಫ್ಘಾನಿಸ್ತಾನದಲ್ಲಿ, ಒಬ್ಬ ಕಾವಲುಗಾರರಿಂದ. ಹಿಂದೆ ಕೂತ ಹುಡುಗರೇ, ಈ ಭಾನುವಾರ ಒಮ್ಮೆ ತೊರವಿಗೆ ಹೋಗಿ ನೋಡಿ ಬನ್ನಿ. ದೂರ ಇಲ್ಲ.

ನೋಡುವುದು ಅಂದೆನಲ್ಲ, ನಾನು ಎರಡೂವರೆ ವರ್ಷ ಇದ್ದೂ ನೋಡದೆ ಬಂದದ್ದು ಒಂದಿದೆ. ಚಿಷ್ತ್ ಅಂದರೆ ಚಿಷ್ತಿ ಸೂಫಿಗಳ ಮೂಲ ಊರು. ಅಜ್ಮೀರಿನ ಖ್ವಾಜಾ ಅವರು, ಕಲಬುರಗಿಯ ಬಂದೇ ನವಾಜರು, ನಮ್ಮ ವಿಜಯಪುರದ ಅಮೀನ್ ದರ್ಗಾ, ಎಲ್ಲ ಅದೇ ಪರಂಪರೆ. ಆ ಹೆಸರು ಹುಟ್ಟಿದ್ದೇ ಆ ಊರಿನಿಂದ. ಅಲ್ಲಿ ಎರಡು ಹಳೆಯ ಗುಮ್ಮಟಗಳಿವೆ, ಹನ್ನೆರಡನೇ ಶತಮಾನದ ಘೋರಿ ಅರಸರ ಕಾಲದವು, ಈಗ ಅರ್ಧ ಬಿದ್ದಿವೆ. ನಾನು ಗೋಲ ಗುಮ್ಮಟದ ನೆರಳಿನಲ್ಲಿ ಬೆಳೆದವನು. ಅವನ್ನು ನೋಡುವ ಆಸೆ ಎಷ್ಟಿತ್ತು ಅಂತ ನಿಮಗೆ ಗೊತ್ತಾಗುತ್ತದೆ. ಎಷ್ಟೋ ಶುಕ್ರವಾರ ಕೇಳಿದೆ. ಗೇಟಿನ ಹೊರಗೆ ಕಾಲಿಡುವ ಹಾಗಿಲ್ಲ. ಸುತ್ತ ಮಣ್ಣು ತುಂಬಿದ ಜಾಲರಿ ಗೋಡೆ, ಮೇಲೆ ಮುಳ್ಳುತಂತಿ. ಒಳಗೆ ನಡೆದಾಡಲು ಇನ್ನೂರು ಹೆಜ್ಜೆ ಜಾಗ. ಆ ಇನ್ನೂರು ಹೆಜ್ಜೆಯನ್ನು ಹೋಗಿ, ಬಂದು, ಹೋಗಿ, ಬಂದು ಸಂಜೆ ಮಾಡುತ್ತಿದ್ದೆವು. ಬೇಸಿಗೆಯಲ್ಲಿ ಅದೂ ಕಷ್ಟ. ಹೆರಾತ್ ಕಡೆ ಒಂದು ಗಾಳಿ ಬೀಸುತ್ತದೆ, ಅದಕ್ಕೆ ನೂರಿಪ್ಪತ್ತು ದಿನದ ಗಾಳಿ ಅಂತಲೇ ಹೆಸರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹಲ್ಲಿನಲ್ಲಿ ಮರಳು ಕರಕರ ಅನ್ನುತ್ತದೆ.

ಈಗ ಒಂದು ಶುಕ್ರವಾರದ ಬಗ್ಗೆ ಹೇಳಲೇಬೇಕು. 2014ರ ಮೇ 23. ನರೇಂದ್ರ ಮೋದಿಯವರು ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಳ್ಳುವುದಕ್ಕೆ ಮೂರು ದಿನ ಮೊದಲು. ಆ ಬೆಳಗಿನ ಜಾವ ಹೆರಾತಿನಲ್ಲಿದ್ದ ಭಾರತದ ಕಾನ್ಸುಲೇಟ್ ಮೇಲೆ ಬಂದೂಕುಧಾರಿಗಳು ದಾಳಿ ಮಾಡಿದರು. ಅಲ್ಲಿ ಕಾವಲಿದ್ದ ನಮ್ಮ ಐಟಿಬಿಪಿ, ಅಂದರೆ ಇಂಡೋ-ಟಿಬೆಟನ್ ಗಡಿ ಪೊಲೀಸ್ ಜವಾನರು ಮತ್ತು ಅಫ್ಘಾನ್ ಪೊಲೀಸರು ಸೇರಿ ಅವರನ್ನು ಹೊಡೆದುಹಾಕಿದರು. ನಮ್ಮ ಸಿಬ್ಬಂದಿ ಎಲ್ಲರೂ ಉಳಿದರು.

ನಮಗೆ ಇದೆಲ್ಲ ಗೊತ್ತಾದದ್ದು ಬಿಡಿಬಿಡಿಯಾಗಿ. ಆರು ಗಂಟೆಗೆ ಸೂಪರ್‌ವೈಸರ್ ಬಂದು ಬಾಗಿಲು ತಟ್ಟಿ, ಎಲ್ಲರೂ ಊಟದ ಹಾಲಿಗೆ ಬನ್ನಿ, ಲೈಟು ಹಾಕಬೇಡಿ, ಗುಂಪಾಗಿ ಹೊರಗೆ ನಿಲ್ಲಬೇಡಿ ಅಂದರು. ಹೋದೆವು. ನೆಲದ ಮೇಲೆ ಗೋಡೆಗೆ ಒರಗಿ ಕೂತೆವು. ದಾಳಿ ನಡೆದದ್ದು 165 ಕಿಲೋಮೀಟರ್ ದೂರದಲ್ಲಿ, ನಮಗೆ ಒಂದು ಸದ್ದೂ ಕೇಳಿಸಲಿಲ್ಲ. ಅವತ್ತಿನಷ್ಟು ಶಾಂತವಾದ ಬೆಳಗನ್ನು ನಾನು ಅಲ್ಲಿ ಬೇರೆ ದಿನ ನೋಡಿಲ್ಲ. ಗಾಳಿ ಇಲ್ಲ. ನದಿ ಹರಿಯುತ್ತಿದೆ. ಗುಬ್ಬಿಗಳು ಹಾಲಿನ ಕಿಟಕಿಗೆ ಬಂದು ಕೂತು ಹೋಗುತ್ತಿವೆ. ಅರವತ್ತು ಎಪ್ಪತ್ತು ಗಂಡಸರು ಕೂತಿದ್ದೇವೆ, ಒಬ್ಬರೂ ಕೆಮ್ಮುವುದಿಲ್ಲ. ಬಿಹಾರದ ಒಬ್ಬ ಹುಡುಗ ತನ್ನ ಚಪ್ಪಲಿಯ ಬಾರನ್ನು ಬಿಚ್ಚುವುದು, ಹಾಕುವುದು, ಬಿಚ್ಚುವುದು, ಹಾಕುವುದು. ಮಧ್ಯಾಹ್ನದವರೆಗೂ ಅದನ್ನೇ ಮಾಡಿದ.

ಅವತ್ತು ರೊಟ್ಟಿ ಆಗಲಿಲ್ಲ. ಹಿಟ್ಟಿನ ಡಬ್ಬಿ ಹಾಗೇ ಉಳಿಯಿತು.

ಮಧ್ಯಾಹ್ನ ಫೋನಿಗೆ ಅನುಮತಿ ಸಿಕ್ಕಿತು. ಅಲ್ಲಿಯ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ಅವ್ವ ಊಟ ಮುಗಿಸಿ ಕೂತಿರುವ ಹೊತ್ತು. ಮನೆಯಲ್ಲಿ ಟಿವಿ ಇತ್ತು, ಆದರೆ ಅವ್ವ ಸುದ್ದಿ ನೋಡುವವಳಲ್ಲ ಅಂತ ನನ್ನ ನಂಬಿಕೆ. "ಇವತ್ತ ಸೂಟಿ ಐತಿ ಅವ್ವಾ, ಆರಾಮ ಅದೀನಿ" ಅಂದೆ. "ರೊಟ್ಟಿ ಮಾಡಿದ್ಯಾ?" ಅಂದಳು. "ಹೂಂ, ಮಾಡೀನಿ. ಎರಡು ತಿಂದೆ" ಅಂದೆ. "ಛಲೋ ಆತು, ನಂದೂ ಊಟ ಆತು" ಅಂತ ಹೇಳಿ ಫೋನು ಇಟ್ಟಳು.

ಆರು ತಿಂಗಳ ನಂತರ ಊರಿಗೆ ಬಂದಾಗ ಅವಳು ಹೇಳಿದಳು. ಪ್ರತಿ ಶುಕ್ರವಾರ ನಾನು ಫೋನು ಮಾಡಿದಾಗ ಹಿಂದೆ ಪರಾತದ ಸಪ್ಪಳ, ಅಣ್ಣನ ನಗು, ಯಾರೋ ತಟ್ಟೆ ತೊಳೆಯುವ ಸದ್ದು ಅವಳಿಗೆ ಕೇಳಿಸುತ್ತಿತ್ತಂತೆ. "ಅವತ್ತ ನಿನ್ನ ಹಿಂದ ಏನೂ ಸಪ್ಪಳಿರಲಿಲ್ಲ. ನೀ ಸುಳ್ಳ ಹೇಳಾಕತ್ತಿ ಅಂತ ಗೊತ್ತಾತು. ನಾನೂ ಸುಮ್ನಾದೆ." ಟಿವಿಯಲ್ಲಿ ಬೆಳಗ್ಗೆಯಿಂದ ಹೆರಾತ್ ತೋರಿಸುತ್ತಿದ್ದರು. ಅವಳು ಊಟವನ್ನೇ ಮಾಡಿರಲಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಊಟ ಆಯಿತು ಅಂತ ಹೇಳಿಕೊಂಡಿದ್ದೆವು.

ಮುಂದಿನ ತಿಂಗಳೇ ಇರಾಕಿನ ಮೊಸುಲ್‌ನಲ್ಲಿ ಭಾರತದ ಕಟ್ಟಡ ಕಾರ್ಮಿಕರು ಒತ್ತೆಯಾದರು. ನಮ್ಮಂಥವರೇ, ಸೈಟಿನಲ್ಲಿ ಕೆಲಸ ಮಾಡುವವರು. ಅವರಲ್ಲಿ 39 ಜನ ಬದುಕಿಲ್ಲ ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು 2018ರ ಮಾರ್ಚ್‌ನಲ್ಲಿ. ನಾಲ್ಕು ವರ್ಷ ಅವರ ಮನೆಯವರು ಹೇಗೆ ದಿನ ಕಳೆದರೋ. ಆ ಸುದ್ದಿಯನ್ನು ನಾನು ಇಲ್ಲೇ, ಸ್ಟೇಷನ್ ರಸ್ತೆಯ ಚಹಾ ಅಂಗಡಿಯಲ್ಲಿ ಓದಿದೆ. ಚಹಾ ಬಿಟ್ಟು ಎದ್ದು ಮನೆಗೆ ಹೋದೆ.

ಕಾಕಾ ವಿಷಯಕ್ಕೆ ಬರುತ್ತೇನೆ. ಕಾನ್ಸುಲೇಟ್ ದಾಳಿಯಾದ ಮುಂದಿನ ಶುಕ್ರವಾರ ನಾನು ಅವರಿಗೆ ರೊಟ್ಟಿ ತೆಗೆದುಕೊಂಡು ಗೋಪುರದ ಬುಡಕ್ಕೆ ಹೋದೆ. ಜುಮ್ಮಾ ನಮಾಜಿನ ಹೊತ್ತು. ಕೆಳಗಿನ ಹಳ್ಳಿಯಿಂದ ಬಾಂಗ್ ಕೇಳುತ್ತಿತ್ತು. ಅದು ಅವರದೇ ಹಳ್ಳಿ. ನಡೆದರೆ ಒಂದು ತಾಸಿನ ದಾರಿ. ನೀವು ಯಾಕೆ ಹೋಗಲಿಲ್ಲ ಅಂತ ಕೇಳಿದೆ. ಹಿಂದಿ ಬರುತ್ತಿದ್ದ ಡ್ರೈವರ್ ಒಬ್ಬರು ಜೊತೆಗಿದ್ದರು, ಅವರು ಬಿಡಿಸಿ ಹೇಳಿದರು. ಕಾಕಾ ಅಂದದ್ದು ಇಷ್ಟು. ನಿಮಗೆ ಶುಕ್ರವಾರ ರುಖ್ಸತಿ. ನಿಮಗೆ ರುಖ್ಸತಿ ಅಂದರೆ ನಮಗೆ ಡ್ಯೂಟಿ ಜಾಸ್ತಿ. ಕೆಲಸದ ದಿನ ನೀವು ಹರಡಿಕೊಂಡಿರುತ್ತೀರಿ, ಶುಕ್ರವಾರ ಎಲ್ಲರೂ ಒಂದೇ ಕಡೆ ಇರುತ್ತೀರಿ. ಮೂರು ವರ್ಷದಿಂದ ಮಸೀದಿಯಲ್ಲಿ ಸಾಲಿನಲ್ಲಿ ನಿಂತು ಜುಮ್ಮಾ ಮಾಡಿದ್ದು ಬೆರಳೆಣಿಕೆ.

ರುಖ್ಸತಿ ಅಂದರೆ ಸೂಟಿ. ನಾನು ಅಲ್ಲೇ ನಿಂತೆ. ಶುಕ್ರವಾರ ಬೆಳಗ್ಗೆ ನಾನು ಕೇಳುವ ನದಿ, ಕುರಿಯ ಗಂಟೆ, ನನ್ನ ರೊಟ್ಟಿ, ಅವ್ವನ ಫೋನು, ಎಲ್ಲ ಈ ಮನುಷ್ಯರ ಸೂಟಿಯಿಂದ ತೆಗೆದು ನನಗೆ ಕೊಟ್ಟದ್ದು. ಅದು ನನಗೆ ಏಳು ತಿಂಗಳು ಹೊಳೆದಿರಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಅವತ್ತಿನಿಂದ ನಾವು ಒಂದು ಪದ್ಧತಿ ಮಾಡಿದೆವು. ಪ್ರತಿ ಶುಕ್ರವಾರ ಮೊದಲ ರೊಟ್ಟಿ, ಮೊದಲ ಚಹಾ ಗೋಪುರಗಳಿಗೆ. ಹಸಿರು ಚಹಾ, ಏಲಕ್ಕಿ ಹಾಕಿದ್ದು. ದೊಡ್ಡ ಉಪಕಾರ ಅಂತ ಹೇಳುತ್ತಿಲ್ಲ. ನಮ್ಮ ಕೈಯಲ್ಲಿ ಆಗುತ್ತಿದ್ದದ್ದು ಅಷ್ಟು. ಆಮೇಲೆ ನಮ್ಮ ಸೂಪರ್‌ವೈಸರ್ ಹತ್ತಿರ ಮಾತಾಡಿ, ಕಾವಲಿನವರಿಗೆ ಸರದಿಯಲ್ಲಿ ತಿಂಗಳಿಗೆ ಒಂದು ಶುಕ್ರವಾರ ಮನೆಗೆ ಹೋಗುವ ಹಾಗೆ ಮಾಡಿಸಿದರು ವೆಲ್ಡರ್ ಅಣ್ಣ. ಅವರು ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ನಾನು ಹೇಳುತ್ತೇನೆ.

ನೀವು ಹೋಗುವವರಿದ್ದರೆ ಹೋಗಿ. ನಾನು ತಡೆಯುವವನಲ್ಲ, ಆ ಪಗಾರದಿಂದ ನನ್ನ ತಂಗಿಯ ಮದುವೆ ಆಯಿತು, ಎರಡು ಎಕರೆಗೆ ಪೈಪ್‌ಲೈನ್ ಬಂತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು ಅಂತ ಬರುತ್ತದೆ. ಅಂಥವರು ಅಫ್ಘಾನಿಸ್ತಾನ, ಇರಾಕ್, ಲಿಬಿಯಾ, ಯೆಮನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಅದನ್ನು ತಪ್ಪಿಸಿ ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಅನ್ನುವ ಏಜೆಂಟನ ಮನೆ ಮೆಟ್ಟಿಲು ಹತ್ತಬೇಡಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆ ಮಾಡಿಸಿ, ಅದರ ಕಾಗದ ಮನೆಯಲ್ಲಿ ಕೊಟ್ಟು ಹೋಗಿ. ಇಷ್ಟನ್ನು ನಿಮಗೆ ಬೇರೆಯವರೂ ಹೇಳುತ್ತಾರೆ. ನಾನು ಹೇಳುವುದು ಸೂಟಿಯ ಮಾತು. ವಾರಕ್ಕೊಂದು ದಿನ ನಿಜವಾಗಿ ಕೊಡುತ್ತಾರಾ? ಅವತ್ತು ಎಲ್ಲಿರಬೇಕು? ಮನೆಗೆ ಫೋನು ಮಾಡಲು ಬಿಡುತ್ತಾರಾ? ನಮ್ಮ ಭಾಷೆಯವರು ಒಬ್ಬರಾದರೂ ಇದ್ದಾರಾ? ಅವತ್ತು ಕಾವಲು ಯಾರು, ಎಷ್ಟು ಜನ? ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೇಳಿ. ಉತ್ತರ ಕೊಡಲು ತಡಬಡಾಯಿಸಿದರೆ ಯೋಚನೆ ಮಾಡಿ. ಇನ್ನೊಂದು, ಕೈಗೆ ಒಂದು ಕೆಲಸ ಕಲಿತು ಹೋಗಿ. ರೊಟ್ಟಿ ಆಗಲಿ, ಬಟ್ಟೆ ಹೊಲಿಯುವುದಾಗಲಿ, ಕ್ಷೌರ ಆಗಲಿ. ಮೊಬೈಲ್ ಸಾಕಾಗುವುದಿಲ್ಲ. ನಮ್ಮಲ್ಲಿ ಸಂಜೆಯಾದರೆ ಟವರ್ ಕೈಕೊಡುತ್ತಿತ್ತು. ಕೈಯಲ್ಲಿ ಕೆಲಸ ಇದ್ದವರು ರಾತ್ರಿ ನಿದ್ದೆ ಮಾಡಿದರು.

2015ರ ಜುಲೈನಲ್ಲಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಲು ಶುರುಮಾಡಿದರು. ಶುಕ್ರವಾರ ಶುಕ್ರವಾರ ನಾವು ಎತ್ತರದಲ್ಲಿ ನಿಂತು ನೋಡುತ್ತಿದ್ದೆವು. ನೀರು ಏರುತ್ತಿದ್ದ ಹಾಗೆ ನದಿಯ ಸದ್ದು ಕಡಿಮೆಯಾಯಿತು. ಒಂದು ಶುಕ್ರವಾರ ಪೂರ್ತಿ ನಿಂತೇ ಹೋಯಿತು. ನನ್ನ ಅವ್ವನ ತವರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದದ್ದು. ನೀರು ಏರುವುದನ್ನು ನೋಡುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ಕಾಕಾ ಮಾತ್ರ ಬಹಳ ಸಂತೋಷದಲ್ಲಿದ್ದರು. ಕಟ್ಟೆಯ ಕೆಳಗೆ ಅವರಿಗೆ ಜಮೀನಿತ್ತು.

2016ರ ಮಾರ್ಚ್‌ನಲ್ಲಿ ನಾನು ಹೊರಟಾಗ ಅವರಿಗೆ ಒಂದು ಪೊಟ್ಟಣ ಕೊಟ್ಟೆ. ಹಿಂದಿನ ಸಲ ಊರಿಗೆ ಬಂದಾಗ ತೆಗೆದುಕೊಂಡು ಹೋದ ಮಾಲದಂಡಿ ಜೋಳ, ಎರಡು ಹಿಡಿ. ಬಿತ್ತಿ ನೋಡಿ ಅಂದೆ. ಹೂಂ ಅಂದರು. ಪೊಟ್ಟಣವನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ಆ ಜೂನ್ 4ಕ್ಕೆ ಅಣೆಕಟ್ಟಿನ ಉದ್ಘಾಟನೆ ಆಯಿತು. ನಾನು ಇಲ್ಲಿ ಟಿವಿಯಲ್ಲಿ ನೋಡಿದೆ. ಮರುವರ್ಷ ಜೂನ್‌ನಲ್ಲಿ ಅಣೆಕಟ್ಟಿನ ಹತ್ತಿರದ ಚೆಕ್‌ಪೋಸ್ಟ್ ಮೇಲೆ ತಾಲಿಬಾನಿಗಳು ದಾಳಿ ಮಾಡಿದರು. ಹತ್ತು ಪೊಲೀಸರು ಸತ್ತರು. ನಾನು ಡ್ರೈವರನ ನಂಬರಿಗೆ ಮೇಲಿಂದ ಮೇಲೆ ಫೋನು ಮಾಡಿದೆ. ಮೂರನೇ ದಿನ ಸಿಕ್ಕಿದರು. ಕಾಕಾ ಉಳಿದಿದ್ದರು. 2021ರ ಆಗಸ್ಟ್‌ನಲ್ಲಿ ಹೆರಾತ್ ತಾಲಿಬಾನ್ ಕೈಗೆ ಹೋಯಿತು. ಆಮೇಲೆ ಆ ನಂಬರು ಹತ್ತುತ್ತಿಲ್ಲ. ಈಗಲೂ ಒಮ್ಮೊಮ್ಮೆ ಒತ್ತಿ ನೋಡುತ್ತೇನೆ.

ನನ್ನ ಮೊಬೈಲಿನಲ್ಲಿ ಒಂದು ಫೋಟೋ ಇದೆ. 2016ರ ಅಕ್ಟೋಬರ್‌ನಲ್ಲಿ ಡ್ರೈವರ್ ಕಳಿಸಿದ್ದು. ನಮ್ಮ ಹಿಂಗಾರಿ ಜೋಳವನ್ನು ಅವರು ಬೇಸಿಗೆಯಲ್ಲಿ ಬಿತ್ತಿದ್ದರು. ಆಳೆತ್ತರ ಮೀರಿ ಬೆಳೆದಿದೆ, ಎಲೆ ಇಷ್ಟಗಲ. ತೆನೆ ಇಲ್ಲ. ತೆನೆ ಬರುವ ಮೊದಲೇ ಚಳಿ ಹಿಡಿಯಿತು, ಮೇಕೆಗಳಿಗೆ ಹಾಕುತ್ತೇವೆ ಅಂತ ಹೇಳಿ ಕಳಿಸಿದ್ದರು. ಜೋಳದ ನಡುವೆ ಕಾಕಾ ನಿಂತಿದ್ದಾರೆ. ಪಕ್ಕದಲ್ಲಿ ಮೊಮ್ಮಗಳು ಇರಬೇಕು, ಅವರ ಅಂಗಿ ಹಿಡಿದುಕೊಂಡಿದ್ದಾಳೆ. ಕಾಕಾ ಕೈಯಲ್ಲಿ ಬಂದೂಕಿಲ್ಲ, ಕುಡಗೋಲು ಇದೆ. ತೆಗೆದ ದಿನ ಯಾವುದು ಅಂತ ನೋಡಿದೆ. ಶುಕ್ರವಾರ.